ನನ್ನ ಬಸಿರು, ನಿನ್ನ ಬಾಣಂತನ

ಮಂಚೇನಹಳ್ಳಿ
೪ ಅಕ್ಟೋಬರ್ ೨೦೨೪, ಶುಕ್ರವಾರ

ಪ್ರೀತಿಯ ತನುಜಮ್ಮಾ,

ಮೈ ಹೇಗಿದೆ? ತಲೆಸುತ್ತು ನಿಂತಿತೇ? ಸೊಂಟನೋವು ಇನ್ನೂ ಕಾಡುತ್ತಿದೆಯೇ? ಮನೆಮಂದಿಯ ಕ್ಷೇಮ ಆಮೇಲೆ ಕೇಳುತ್ತೇನೆ, ಮೊದಲು ನಿನ್ನದು. ಗೌರಿ ಹಬ್ಬದ ದಿನ ನೀನು ಊಟ ಮಾಡದೆ ಎದ್ದು ಹೋದಾಗಿನಿಂದ ನಾನು ಫೋನು ಮಾಡುತ್ತಲೇ ಇದ್ದೇನೆ. ನೀನು ಎತ್ತುವುದಿಲ್ಲ. ಒಮ್ಮೊಮ್ಮೆ ನಿಮ್ಮತ್ತೆ ಎತ್ತಿ “ಹಾಲು ಕರೀತಾವ್ಳೆ, ಆಮೇಲೆ ಮಾಡಿಸ್ತೀನಿ” ಅನ್ನುತ್ತಾರೆ. ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಈ ಕಾಗದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಮೇಲೆ ನಾನು ಇಷ್ಟುದ್ದ ಏನನ್ನೂ ಬರೆದವಳಲ್ಲ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಪ್ಪನೇ ತಂದು ನಿನ್ನ ಕೈಗೆ ಕೊಡುತ್ತಾರೆ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಪೂರ್ತಿ ಓದಿದ ಮೇಲೆ ಹರಿ.

ನನ್ನ ಸುದ್ದಿಯನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನನಗೀಗ ಆರನೇ ತಿಂಗಳು. ಸಂಕ್ರಾಂತಿಯ ಆಸುಪಾಸಿಗೆ ಹೆರಿಗೆ ಎಂದಿದ್ದಾರೆ. ಬಿ.ಪಿ. ಗುಳಿಗೆ ನುಂಗುತ್ತಿದ್ದೇನೆ. ಸಂಜೆಯಾದರೆ ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ. ಎಡದವಡೆಯ ಹಲ್ಲೊಂದು ಅಲ್ಲಾಡುತ್ತಿದೆ. ನಿನ್ನನ್ನು ಹೆತ್ತಾಗ ಬಲಗಡೆಯದು ಹೋಗಿತ್ತು, ಈಗ ಇದರ ಸರದಿ. ನಲವತ್ತೆರಡಕ್ಕೆ ಬಸಿರು ಹೊತ್ತು ನೀರಿನ ಟ್ಯಾಂಕಿನ ಹತ್ತಿರ ನಿಂತರೆ ಊರ ಹೆಂಗಸರು ಮುಖ ನೋಡಿ ಮಾತಾಡುವುದಿಲ್ಲ, ಹೊಟ್ಟೆ ನೋಡಿ ಮಾತಾಡುತ್ತಾರೆ. ಮಾತಾಡಿಕೊಳ್ಳಲಿ. ಸೆರಗು ಎಳೆದು ಮುಚ್ಚಿಕೊಳ್ಳುವುದನ್ನು ನಾನು ಬಿಟ್ಟು ತಿಂಗಳಾಯಿತು.

ನಾನು ಕೊರಗುವುದು ಊರಿನವರ ಮಾತಿಗಲ್ಲ, ನಿನ್ನ ಒಂದು ಮಾತಿಗೆ. ಆ ದಿನ ನಾನು ಒಲೆಯ ಮುಂದೆ ಕಡುಬು ಒತ್ತುತ್ತಿದ್ದೆ. ನೀನು ಚಿಕ್ಕಂದಿನಿಂದ ಮಾಡುವ ಹಾಗೆ ಹಿಂದಿನಿಂದ ಬಂದು ತಬ್ಬಿಕೊಂಡೆ. ನಿನ್ನ ಕೈ ನನ್ನ ಹೊಟ್ಟೆಯ ಮೇಲೆ ಬಂದು ಅಲ್ಲೇ ನಿಂತುಹೋಯಿತು. “ಇದೇನಮ್ಮ?” ಅಂದೆ. ನಾನು ಹೇಳಿದೆ. “ನಂದು ಹೋದಾಗ್ಲೂ ಇದು ಇತ್ತಾ?” ಎಂದು ಕೇಳಿದೆ. ಇತ್ತು ಎಂದೆ. ಆಗ ನೀನು ಕೈ ತೆಗೆದು, “ತಾಯಿ ಮಗಳು ಒಟ್ಟಿಗೆ ಬಸುರಾದ್ರೆ ಒಂದು ಉಳಿಯಲ್ಲ ಅಂತಾರೆ. ನಿಂದು ಉಳ್ಕೊಂತು, ಬಿಡು” ಅಂದೆ. ಬಾಗಿನದ ಮೊರವನ್ನು ಮುಟ್ಟದೆ, ಚಪ್ಪಲಿಯ ಪಟ್ಟಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ನಿಮ್ಮಪ್ಪ ಡೈರಿಯಿಂದ ಬರುವಷ್ಟರಲ್ಲಿ ನೀನು ಇರಲಿಲ್ಲ. ನಾನು ಕಡುಬು ಒತ್ತುತ್ತಲೇ ಇದ್ದೆ. ಕೈಗೆ ಬೇರೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುವುದನ್ನು ಕೇಳು. ಬೇಸಿಗೆಯಲ್ಲಿ ನನಗೆ ಮುಟ್ಟು ತಪ್ಪಿದಾಗ, ಈ ವಯಸ್ಸಿಗೆ ಇನ್ನು ನಿಲ್ಲುವ ಕಾಲವೇ ತಾನೆ ಎಂದುಕೊಂಡೆ. ವಾಕರಿಕೆ ಬಂದರೆ ಪಿತ್ತ ಎಂದುಕೊಂಡೆ. ಜುಲೈನಲ್ಲಿ ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, “ಮೂರನೇ ತಿಂಗಳು ನಡೀತಿದೆಯಲ್ಲಮ್ಮ, ಗೊತ್ತೇ ಆಗ್ಲಿಲ್ವಾ?” ಎಂದು ನಕ್ಕರು. ಆಮೇಲೆ ನಗು ಬಿಟ್ಟು, ವಯಸ್ಸಾಗಿದೆ, ಬಿ.ಪಿ. ಇದೆ, ಹಿಂದೆ ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿದೆ, ಬೇಡವೆಂದರೆ ಈಗಲೇ ಹೇಳಿ, ಯೋಚನೆ ಮಾಡಿ ಎಂದರು. ಆಗ ನಿನಗೆ ನಾಲ್ಕು ತಿಂಗಳು ತುಂಬಿತ್ತು. ಮೊದಲನೆಯದು ಹೋದ ಮೇಲೆ ನೀನು ಉಸಿರು ಬಿಗಿಹಿಡಿದು ದಿನ ತಳ್ಳುತ್ತಿದ್ದೆ. ನಿನ್ನದು ಗಟ್ಟಿಯಾಗಲಿ, ಆಮೇಲೆ ಇಬ್ಬರೂ ಕೂತು ನಗುತ್ತಾ ಹೇಳಿಕೊಳ್ಳೋಣ ಎಂದು ನಾನು ಸುಮ್ಮನಿದ್ದೆ.

ನಿಮ್ಮಪ್ಪನಿಗೆ ಇದು ಬೇಡವಾಗಿತ್ತು. ನಾಚಿಕೆಗಲ್ಲ, ಭಯಕ್ಕೆ. ನೀನು ಹುಟ್ಟಿದ ದಿನ ಏನಾಯಿತೆಂದು ಯಾರೂ ನಿನಗೆ ಹೇಳಿಲ್ಲ. ಹೆಣ್ಣುಮಗುವಿಗೆ ‘ನಿನ್ನಿಂದ ಹೀಗಾಯಿತು’ ಅನ್ನಿಸಬಾರದೆಂದು ನಾನೇ ಎಲ್ಲರ ಬಾಯಿ ಮುಚ್ಚಿಸಿದ್ದೆ. ನನಗೆ ಆಗ ಹತ್ತೊಂಬತ್ತು. ನೀನು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಹಾಸಿಗೆ ತೊಯ್ದು ನೆಲಕ್ಕಿಳಿಯಿತು. ಗೌರಿಬಿದನೂರಿನಿಂದ ಬೆಂಗಳೂರಿಗೆ ಗಾಡಿಯಲ್ಲಿ ಸಾಗಿಸಿದರು. ನಿಮ್ಮಪ್ಪ ದಾರಿಯುದ್ದಕ್ಕೂ ನನ್ನ ಕಾಲುಬೆರಳು ಹಿಡಿದುಕೊಂಡು, ಅದು ತಣ್ಣಗಾಗುತ್ತಾ ಹೋಗುವುದನ್ನು ನೋಡುತ್ತಾ ಕೂತಿದ್ದರಂತೆ. ಬದುಕಿ ಬಂದ ಮೇಲೆ ವರ್ಷಗಟ್ಟಲೆ ನನಗೆ ಕೊಡ ಎತ್ತಲಾಗಲಿಲ್ಲ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತಿತ್ತು. ಮದುವೆಯಲ್ಲಿದ್ದ ಕೂದಲಿನಲ್ಲಿ ಅರ್ಧ ಉದುರಿತು. ನೋಡಲು ಬಂದವರೆಲ್ಲ ತೊಟ್ಟಿಲು ಬಗ್ಗಿ ನೋಡಿ, “ಗಂಡಾಗ್ಲಿಲ್ವಲ್ಲ” ಅಂದುಹೋದರು. ಇದನ್ನು ನಾನು ಋಣ ಅಂತ ನಿನ್ನ ತಲೆಗೆ ಕಟ್ಟುತ್ತಿಲ್ಲ ಕಣಮ್ಮ. ನೀನು ಕೇಳಿಕೊಂಡು ಹುಟ್ಟಲಿಲ್ಲ. ಒಂದು ಮಗು ಹೊರಬರಲು ಹೆಣ್ಣಿನ ಮೈಯಿಂದ ಏನೇನು ಕಿತ್ತುಕೊಂಡು ಬರುತ್ತದೆ ಎಂದು ನಿನ್ನಂಥ ವಯಸ್ಸಿನವರಿಗೆ ನಾವು ಹಿರಿಯರು ಹೇಳಬೇಕಿತ್ತು. ಹೇಳದೆ ‘ಮಡಿಲು ತುಂಬಲಿ’ ಎಂದು ಅಕ್ಕಿ ಸುರಿಯುತ್ತೇವೆ.

ಸ್ಕ್ಯಾನಿನಿಂದ ಬರುವಾಗ ನಿಮ್ಮಪ್ಪ, “ನಂಗೆ ನೀನಿದ್ರೆ ಸಾಕು ಕಣೇ, ಇದು ಬೇಡ, ತೆಗ್ಸಿಬಿಡಣ” ಎಂದು ಬಸ್ಸಿನಲ್ಲೇ ಅತ್ತರು. ಗಂಡಸು ಅಳುವುದನ್ನು ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಯೋಚಿಸಿದಾಗ ನನಗೆ ಒಂದು ವಿಷಯ ಹೊಳೆಯಿತು. ನಿನ್ನನ್ನು ಹೆರುವಾಗ ಅತ್ತೆ ಮಾವ, ನನ್ನ ತವರಿನವರು, ಬೀದಿಯವರು, ಎಲ್ಲರೂ ನನ್ನಿಂದ ಮಗು ಕೇಳಿದ್ದರು. ಮದುವೆಯಾದ ತಿಂಗಳಿಗೇ “ಏನಾದ್ರೂ ವಿಶೇಷಾನಾ?” ಶುರುವಾಗಿತ್ತು. ಬೇಕೋ ಬೇಡವೋ ಎಂದು ನನ್ನನ್ನು ಕೇಳಿದವರು ಒಬ್ಬರೂ ಇಲ್ಲ. ಈ ಮಗುವನ್ನು ಯಾರೂ ಕೇಳಿಲ್ಲ. ಎಲ್ಲರಿಗೂ ಇದು ಬೇಡ. ಜೀವಮಾನದಲ್ಲಿ ಮೊದಲ ಸಲ ನನ್ನ ಹೊಟ್ಟೆಯ ಮೇಲೆ ನನ್ನೊಬ್ಬಳದೇ ಮಾತು ನಡೆಯುವ ಹಾಗಾಗಿದೆ. ನನಗೆ ಬೇಕು ಅನ್ನಿಸಿತು. ಯಾವ ವಂಶಕ್ಕೂ ಅಲ್ಲ, ನನಗೇ ಬೇಕು. ಡಾಕ್ಟರಮ್ಮನನ್ನು ಒಬ್ಬಳೇ ಹೋಗಿ ಮತ್ತೆ ಕಂಡೆ, ಅಪಾಯವೆಲ್ಲ ಬಿಡಿಸಿ ಕೇಳಿಕೊಂಡೆ, ಆಮೇಲೆ ಹೆರುತ್ತೇನೆ ಎಂದೆ.

ಅಷ್ಟರಲ್ಲಿ ಆಷಾಢದ ಕೊನೆಗೆ ನಿನಗೆ ಹಾಗಾಯಿತು. ಚಿಂತಾಮಣಿಯ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತಾಗ ನಾನು ಹೊಟ್ಟೆಗೆ ಸೆರಗು ಸುತ್ತಿ ಸುತ್ತಿ ಮುಚ್ಚಿಕೊಂಡಿದ್ದೆ. ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಮೊಲೆಯಲ್ಲಿ ಹಾಲು ಬಂದು ರವಿಕೆ ಒದ್ದೆಯಾಗಿತ್ತು. ಮಗು ಇಲ್ಲ ಎಂದು ಮೈಗೆ ಯಾರೂ ಹೇಳಿರಲಿಲ್ಲ ನೋಡು, ಅದು ತನ್ನ ಕೆಲಸ ಮಾಡುತ್ತಿತ್ತು. ಅಲ್ಲಿಯ ಡಾಕ್ಟರು ನನ್ನ ಎದುರಿಗೂ ನಿಮ್ಮತ್ತೆಯ ಎದುರಿಗೂ ಹೇಳಿದ ಮಾತು ನಿನ್ನ ಕಿವಿಗೆ ಬಿದ್ದಿದೆಯೋ ಇಲ್ಲವೋ, ಇಲ್ಲಿ ಬರೆಯುತ್ತೇನೆ. ನಿನ್ನ ಗರ್ಭದ ಬಾಯಿ ದಿನ ತುಂಬುವ ಮೊದಲೇ ಸಡಿಲವಾಗಿ ತೆರೆದುಕೊಂಡಿತು. ಅದೇ ಕಾರಣ. ನಿನ್ನ ತಪ್ಪೂ ಅಲ್ಲ, ನನ್ನ ಬಸಿರಿನ ದೋಷವೂ ಅಲ್ಲ. ಮುಂದೆ ಎಂದಾದರೂ ಬೇಕೆನಿಸಿದರೆ ಮೊದಲೇ ಹೊಲಿಗೆ ಹಾಕಬೇಕಂತೆ. ಅಲ್ಲಿಯವರೆಗೆ ಮೈಗೆ ಮನಸ್ಸಿಗೆ ಪೂರ್ತಿ ವಿಶ್ರಾಂತಿ ಬೇಕಂತೆ. ನಾನು ಹೊರಗೆ ಬಂದು, “ತನುಜಾನ ನಮ್ಮನೆಗೆ ಕರ್ಕೊಂಡ್ ಹೋಗ್ತೀನಕ್ಕಾ” ಎಂದು ನಿಮ್ಮತ್ತೆಯನ್ನು ಕೇಳಿದೆ. ಅವರು, “ಕೂಸಿದ್ರೆ ಬಾಣಂತನ. ಕೂಸೇ ಇಲ್ವಲ್ಲ, ಏನ್ ಬಾಣಂತನ? ಹಸುಗಳ್ನ ನೋಡೋರು ಯಾರು?” ಎಂದರು. ವಾರ ಕಳೆಯುವುದರೊಳಗೆ ನೀನು ಹಾಲು ಕರೆಯಲು ಕೂತೆ ಎಂದು ಆಮೇಲೆ ಗೊತ್ತಾಯಿತು.

ಆ ದಿನ ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನೂ ನೀನು ಅಂದ ಮಾತನ್ನೇ ಅಂದುಕೊಂಡೆ. ಮಗಳದು ಹೋಗಿ ನನ್ನದು ಉಳಿಯುವುದಾದರೆ ಇದೂ ಹೋಗಲಿ, ನಾಳೆಯೇ ಹೋಗಿ ತೆಗೆಸಿಬಿಡುತ್ತೇನೆ ಎಂದುಕೊಂಡೆ. ಶಿಡ್ಲಘಟ್ಟದಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯಬೇಕಿತ್ತು. ಅಲ್ಲಿ ಇಳಿದದ್ದೇ ತಡ, ಎಲ್ಲಿಲ್ಲದ ಹಸಿವು. ನಿನ್ನನ್ನು ಆ ಸ್ಥಿತಿಯಲ್ಲಿ ಬಿಟ್ಟು ಬಂದವಳಿಗೆ ಹಸಿವು! ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಡೆದುಕೊಂಡು ನಿಂತೆ. ಕಣ್ಣು ಕತ್ತಲೆ ಬಂತು. ಕೊನೆಗೆ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋಗಿ ಇಡ್ಲಿ ತೆಗೆದುಕೊಂಡು ಮೂಲೆಯಲ್ಲಿ ಕೂತು ಅಳುತ್ತಾ ತಿಂದೆ. ಸಪ್ಲೈಯರು ಕೇಳದೆಯೇ ಇನ್ನೊಂದು ಸೌಟು ಸಾಂಬಾರು ಹಾಕಿಹೋದ.

ನನಗೆ ಅದು ತವರೂರು ತಾನೆ. ಮದುವೆಗೆ ಮುಂಚೆ ನಾನು ಅಲ್ಲೇ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡುತ್ತಿದ್ದೆ, ರೇಷ್ಮೆ ಮೊಟ್ಟೆ ಮಾಡಿಸುವ ಜಾಗದಲ್ಲಿ. ಬೆಳಗ್ಗೆ ಗೂಡು ಸೀಳಿಕೊಂಡು ಚಿಟ್ಟೆ ಹೊರಬರುತ್ತದೆ. ಗಂಡು ಹೆಣ್ಣು ಜೋಡಿ ಮಾಡಿ, ಆಮೇಲೆ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲಿಟ್ಟು ಕಪ್ಪು ಬಟ್ಟಲು ಮುಚ್ಚುತ್ತಿದ್ದೆವು. ಕತ್ತಲಲ್ಲಿ ಅದು ಸುತ್ತಿ ಸುತ್ತಿ ಮೊಟ್ಟೆ ಇಡುತ್ತದೆ. ಮರುದಿನ ರೋಗವಿದೆಯೇ ನೋಡಲು ಅದನ್ನೇ ಅರೆದು ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು. ಅಲ್ಲೊಬ್ಬ ಮೇಲ್ವಿಚಾರಕರಿದ್ದರು, ಹೊಸ ಹುಡುಗಿಯರು ಬಂದಾಗಲೆಲ್ಲ, “ನೋಡ್ರಮ್ಮ, ತಾಯಿ ಅಂದ್ರೆ ಇದು. ಏನೂ ತಿನ್ನಲ್ಲ, ಏನೂ ಕುಡಿಯಲ್ಲ, ಮಕ್ಕಳಿಗೇಂತ ಮೈಯೆಲ್ಲ ಕೊಟ್ಟು ಪ್ರಾಣ ಬಿಡತ್ತೆ” ಅನ್ನುತ್ತಿದ್ದರು. ನಾವು ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದೆವು. ಇಷ್ಟು ವರ್ಷ ಅದನ್ನೇ ದೊಡ್ಡ ಮಾತು ಎಂದು ನಂಬಿದ್ದೆ. ಆ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಆ ಚಿಟ್ಟೆ ತ್ಯಾಗ ಮಾಡಿ ಉಪವಾಸ ಇರುವುದಲ್ಲ ಕಣೇ. ಅದಕ್ಕೆ ತಿನ್ನುವ ಬಾಯೇ ಇಲ್ಲ. ನನಗೆ ಬಾಯಿದೆ. ತಿನ್ನುತ್ತೇನೆ, ಬೇಕು ಅನ್ನುತ್ತೇನೆ, ಬೇಡ ಅನ್ನುತ್ತೇನೆ. ನನ್ನದನ್ನು ತೆಗೆಸಿಕೊಂಡರೆ ನಿನ್ನದು ತಿರುಗಿ ಬರುತ್ತದೆಯೇ? ಇಬ್ಬರು ಹೆಂಗಸರ ಹೊಟ್ಟೆ ಖಾಲಿಯಾದರೆ ಯಾರಿಗೆ ಸಮಾಧಾನ? ಇನ್ನೆರಡು ಇಡ್ಲಿ ಹಾಕಿಸಿಕೊಂಡು ತಿಂದು, ಕೈ ತೊಳೆದು ಬಸ್ಸು ಹತ್ತಿದೆ.

ಮನೆಗೆ ಬಂದು ನಿಮ್ಮಜ್ಜಿಗೆ ಹೇಳಿದೆ. ಅಲ್ಲಿಯವರೆಗೂ ಅವರಿಗೆ ಗೊತ್ತಿರಲಿಲ್ಲ. ನಿನಗೇ ಗೊತ್ತಲ್ಲ, ನಮ್ಮತ್ತೆ ಚಿಕ್ಕವೆಂಕಟಮ್ಮನ ಬಾಯಿ. ಸೌದೆ ಕೊಳ್ಳಿಯಿಂದ ಹೊಡೆಯುತ್ತಾರೆ ಎಂದುಕೊಂಡೇ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, “ಎಂಟು ಹೆತ್ತೆ ಕಣೇ ನಾನು. ನಾಲ್ಕು ಮಣ್ಣಾದ್ವು. ಒಂದಕ್ಕಾದ್ರೂ ಬೇಕೇನೇ ಅಂತ ಯಾರೂ ನನ್ನ ಕೇಳಿಲ್ಲ. ನೀನು ನೀನಾಗೇ ಬೇಕು ಅಂತೀಯ. ಹೆರು, ಅದ್ಯಾವನು ಏನಂತಾನೋ ನಾನು ನೋಡ್ಕೊತೀನಿ” ಎಂದರು. ಅದಾದ ಮೇಲೆ ಅವರು ಹೇಳಿದ್ದನ್ನು ಅವರ ಅಪ್ಪಣೆ ಕೇಳಿಯೇ ನಿನಗೆ ಬರೆಯುತ್ತಿದ್ದೇನೆ. ಕೊನೆಯ ಹೆರಿಗೆಯಿಂದ ಅವರಿಗೆ ಗರ್ಭ ಜಾರಿ ಹೊರಗೆ ಬರುತ್ತಿತ್ತು. ಅದನ್ನು ಒಳಗೆ ತಳ್ಳಿ ಬಟ್ಟೆ ಕಟ್ಟಿಕೊಂಡೇ ಇಷ್ಟೂ ವರ್ಷ ಕಳೆ ಕಿತ್ತಿದ್ದಾರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಿದ್ದಾರೆ. ಒಂದೇ ಮನೆಯಲ್ಲಿ ಇದ್ದ ನನಗೂ ಗೊತ್ತಾಗಿರಲಿಲ್ಲ. ಅಜ್ಜಿ ಬಗ್ಗಿ ನಡೆಯುವುದು ವಯಸ್ಸಿಗೆ ಎಂದುಕೊಂಡಿದ್ದೆವು. ನನ್ನ ತಪಾಸಣೆಗೆ ಹೋದಾಗ ಅವರನ್ನೂ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗರ್ಭ ಜಾರದಂತೆ ಒಳಗೆ ಒಂದು ರಬ್ಬರಿನ ಉಂಗುರ ಇಟ್ಟು ಕಳಿಸಿದರು. ಈಗ ನೆಟ್ಟಗೆ ಡೈರಿಯವರೆಗೂ ನಡೆಯುತ್ತಾರೆ. ಹೋಗುತ್ತಾ ಬರುತ್ತಾ, “ಏ ದೇವುಡಾ, ಇಷ್ಟೇನಾ? ಇದಕ್ಕೇನಾ ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು?” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಮೊನ್ನೆ ನೀರಿನ ಟ್ಯಾಂಕಿನ ಹತ್ತಿರ ಯಾರೋ ನನ್ನ ಬಗ್ಗೆ ಕಿಸಕ್ಕೆಂದರಂತೆ. “ಏಮಮ್ಮಾ, ನಿಮ್ಮನೆ ಕೋಳಿ ಮೊಟ್ಟೆ ಇಡೋವಾಗ ನನ್ನ ಸೊಸೆನ ಕೇಳಿ ಇಡತ್ತಾ?” ಎಂದು ಬಿಂದಿಗೆ ಕೆಳಗಿಟ್ಟು ಜಗಳಕ್ಕೆ ನಿಂತುಬಿಟ್ಟರಂತೆ.

ನಿಮ್ಮಪ್ಪನಿಗೂ ಡೈರಿಯಲ್ಲಿ ಕಾಟ ತಪ್ಪಿಲ್ಲ. ಸೆಕ್ರೆಟರಿ ಆದವರು ಊರಿಗೆಲ್ಲ ಸಿಗುತ್ತಾರೆ ನೋಡು. “ಏನ್ ಚಲಪತಣ್ಣ, ಈ ವಯಸ್ಸಲ್ಲಿ ಫ್ಯಾಟು ಜಾಸ್ತಿ ಬಂದಂಗಿದೆ” ಎಂದು ಹಾಲು ಹಾಕಲು ಬಂದ ಹುಡುಗರು ಚುಡಾಯಿಸಿದರಂತೆ. ಮೊದಮೊದಲು ತಲೆ ತಗ್ಗಿಸುತ್ತಿದ್ದರು. ಈಗ, “ಹೌದಪ್ಪ, ನಂದೇ. ಮುಂದಿಂದು ಹೇಳು” ಅನ್ನುತ್ತಾರೆ. ಹೆರಿಗೆಯಾದ ಮೇಲೆ ಮಕ್ಕಳಾಗದ ಆಪರೇಷನ್ ನಾನೇ ಮಾಡಿಸಿಕೊಳ್ಳುತ್ತೇನೆ, ಅವಳ ಮೈಗೆ ಇನ್ನೊಂದು ಕತ್ತರಿ ಬೇಡ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಹೆಸರನ್ನೂ ಹೇಳಿ ಬಂದಿದ್ದಾರೆ. ಆ ಹುಡುಗಿ ಗಾಬರಿಯಾಗಿ ನನಗೆ ಫೋನು ಮಾಡಿ, “ನಿಜಾನಾಕ್ಕ?” ಎಂದು ಕೇಳಿದಳು.

ಇನ್ನು ನಿನಗೆ ಗೊತ್ತಿಲ್ಲದ ಸಂಗತಿ. ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ನಿಮ್ಮತ್ತೆಯೂ ಅಳಿಯಂದಿರೂ ಇಲ್ಲಿಗೆ ಬಂದಿದ್ದರು. ಚಿಂತಾಮಣಿಯಿಂದ ಬುಟ್ಟಿ ತುಂಬ ಸೇಬು, ದಾಳಿಂಬೆ, ಮಲ್ಲಿಗೆ ದಂಡೆ ತಂದಿದ್ದರು. ನಿನ್ನ ಬಾಯಿಂದ ನನ್ನ ವಿಷಯ ಅವರಿಗೆ ತಿಳಿದಿತ್ತು. ಬೈಯಲು ಬಂದಿರಬಹುದು ಎಂದುಕೊಂಡೆ. ನಿಮ್ಮತ್ತೆ ವೆಂಕಟರತ್ನಮ್ಮನವರು ಕುಂಕುಮ ಇಟ್ಟು, ಹೂ ಮುಡಿಸಿ, ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. “ಆದದ್ದಾಯ್ತು ಮುನಿಲಕ್ಷ್ಮಿ. ನಿನ್ನ ಬಸಿರು ನನ್ನ ಸೊಸೆ ಬಸಿರನ್ನ ತಿಂತು. ಅದಕ್ಕೆ ಪರಿಹಾರಾನೂ ನಿನ್ನ ಹತ್ರಾನೇ ಐತೆ. ಹುಟ್ಟಿದ್ದನ್ನ ಅವಳ ಮಡಿಲಿಗೆ ಹಾಕ್ಬಿಡು. ನಿನಗೂ ಈ ವಯಸ್ಸಲ್ಲಿ ಸಾಕೋ ಕಷ್ಟ ಇರಲ್ಲ, ಊರ ಬಾಯೂ ಮುಚ್ಚತ್ತೆ” ಎಂದರು. ನಾನು, ಹೆಣ್ಣಾದರೆ ಎಂದು ಕೇಳಿದೆ. “ಹೆಣ್ಣಾದ್ರೆ... ನೀವೇ ಇಟ್ಕೊಳಿ” ಎಂದರು. ಅಳಿಯಂದಿರು ನೆಲ ನೋಡುತ್ತಿದ್ದರು.

ತನುಜಾ, ನನಗೆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. “ಅಕ್ಕಾ, ಕಾಫಿ ಆರೋಗತ್ತೆ, ಕುಡೀರಿ. ಗಂಡಾದ್ರೆ ನಿಮಗೆ, ಹೆಣ್ಣಾದ್ರೆ ನಂಗೆ ಅಂತ ಭಾಗ ಮಾಡ್ಕೊಳಕ್ಕೆ ಇದೇನು ಕೊಟ್ಟಿಗೇಲಿರೋ ಕರುವಾ? ಈ ಮಗು ಯಾರಿಗೂ ಪರಿಹಾರ ಅಲ್ಲ. ನನ್ನ ಮಗಳಿಗೆ ರೋಗ ಬಂದಿಲ್ಲ, ಪರಿಹಾರ ಮಾಡಕ್ಕೆ. ಅವಳ ಮಡಿಲು ಅವಳದು. ಅದ್ರಲ್ಲಿ ಮಗು ಇಟ್ಕೊತಾಳೋ, ಓದ್ಬೇಕು ಅಂತಿದ್ದ ಬಿ.ಎಡ್. ಪುಸ್ತಕ ಇಟ್ಕೊತಾಳೋ, ಸುಮ್ನೆ ಕೈ ಇಟ್ಕೊಂಡು ಕೂತ್ಕೊತಾಳೋ, ಅವಳಿಷ್ಟ” ಎಂದೆ. ಅವರು ಕೈ ಬಿಟ್ಟರು. “ಹಂಗಾದ್ರೆ ನಮ್ಗೂ ವಂಶ ಬೇಕಲ್ಲಮ್ಮ. ನನ್ನ ಮಗ ಮೋಹನಂಗೆ ಬೇರೆ ದಾರಿ ನೋಡ್ಬೇಕಾಗತ್ತೆ” ಎಂದರು. ಆಗ ನನಗೆ ನಿಜವಾಗಿ ತಡೆಯಲಾಗಲಿಲ್ಲ. “ಹೋದ್ವರ್ಷ ನಿಮ್ಮ ಸೀಮೆ ಹಸು ದಿನ ತುಂಬದೆ ಕಂದು ಹಾಕ್ದಾಗ ಏನ್ಮಾಡಿದ್ರಿ ಅಕ್ಕಾ? ನಮ್ಮನೆಯವ್ರಿಗೇ ಫೋನ್ ಮಾಡಿ ದನದ ಡಾಕ್ಟರನ್ನ ಕೇಳಿದ್ರಿ. ನೆರಳಲ್ಲಿ ಕಟ್ಟಿ, ಬೆಲ್ಲ ಹಾಕಿ ಗಂಜಿ ಕುಡಿಸಿದ್ರಿ. ಮುಂದಿನ ಬೆದೆಗೆ ಬಿಡ್ಬೇಡಿ, ಮೈ ಸುಧಾರಿಸ್ಲಿ ಅಂತ ಡಾಕ್ಟರು ಹೇಳಿದ್ದನ್ನ ಚಾಚೂ ತಪ್ಪದೆ ನಡೆಸಿದ್ರಿ. ನನ್ನ ಮಗಳಿಗೆ ಅಷ್ಟಾದ್ರೂ ಮಾಡಿದ್ರಾ?” ಎಂದೆ.

ನಿಮ್ಮತ್ತೆ ಏಳುತ್ತಾರೆ, ಜಗಳವಾಗುತ್ತದೆ ಎಂದುಕೊಂಡೆ. ಅವರು ಕಾಫಿ ಲೋಟ ನೋಡುತ್ತಾ ಕೂತಿದ್ದವರು ಅತ್ತುಬಿಟ್ಟರು. “ನಂಗೂ ಒಂಬತ್ತು ವರ್ಷ ಮಕ್ಕಳಾಗಿರ್ಲಿಲ್ಲ ಕಣಮ್ಮ. ಬಂಜೆ ಮುಖ ನೋಡ್ಬಾರ್ದು ಅಂತ ನಮ್ಮತ್ತೆ ಬೆಳಗ್ಗೆ ಬಾಗ್ಲು ತೆಗೆಯೋಕೂ ಬಿಡ್ತಿರ್ಲಿಲ್ಲ. ಈ ಹುಡುಗಂಗೆ ಎಷ್ಟು ಹರಕೆ ಹೊತ್ತಿದೀನಿ ನಿಂಗೇನು ಗೊತ್ತು” ಎಂದರು. ನನಗೂ ಪಾಪ ಅನ್ನಿಸಿತು. ಆದರೆ ಕರಗಲಿಲ್ಲ. “ಹಂಗಾದ್ರೆ ಆ ನೋವು ನಮ್ಮೆಲ್ಲರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರ್ಬೇಕಲ್ಲಕ್ಕಾ” ಎಂದೆ. ಅವರು ಹಣ್ಣಿನ ಬುಟ್ಟಿ ಬಿಟ್ಟು ಎದ್ದು ಆಟೋ ಹತ್ತಿದರು. ಅಳಿಯಂದಿರು ಮರೆತ ಕೊಡೆ ತೆಗೆದುಕೊಳ್ಳುವ ನೆಪದಲ್ಲಿ ಒಳಗೆ ಬಂದವರು, ಕೊಡೆ ಹಿಡಿದು ನಿಂತು, “ಅತ್ತೆ, ಅವಳು ಊಟ ಮಾಡ್ತಿಲ್ಲ. ಮಂಗಳವಾರ, ಶುಕ್ರವಾರ, ಶನಿವಾರ ಉಪವಾಸ ಅಂತಾಳೆ. ಮಿಕ್ಕ ದಿನಾನೂ ಹಸಿವಿಲ್ಲ ಅಂತಾಳೆ. ನಂಗೆ ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ” ಎಂದರು. ಕಣ್ಣು ಕೆಂಪಾಗಿತ್ತು. ಕೆಟ್ಟವರಲ್ಲ ಕಣೇ ಅವರು. ಅವರಿಗೂ ಆ ಎರಡು ಕೂಸುಗಳು ಹೋಗಿವೆ, ಅದನ್ನು ಯಾರೂ ಅವರನ್ನು ಕೇಳಿಲ್ಲ.

ಯಾವ ದೇವರು ನಿನ್ನನ್ನು ಹಸಿದಿರು ಎಂದು ಕೇಳಿದ್ದಾನೆ? ಹರಕೆ ಹೊತ್ತವರು ಉಪವಾಸ ಮಾಡಿಕೊಳ್ಳಲಿ. ನೀನು ಊಟ ಮಾಡು. ಮತ್ತೊಂದು ಸಲ ಬಸುರಾಗಬೇಕೋ ಬೇಡವೋ ಎಂದು ಯಾರಿಗೂ ಇವತ್ತು ಮಾತು ಕೊಡಬೇಡ. ಆಮೇಲೆ ಬೇಕೆನಿಸಿದರೆ 'ಬೇಕು' ಅನ್ನು, ಡಾಕ್ಟರ ಹತ್ತಿರ ನಾನೇ ಜೊತೆಗೆ ಬರುತ್ತೇನೆ. ಬೇಡವೆನಿಸಿದರೆ 'ಬೇಡ' ಅನ್ನು, ಆಗಲೂ ಜೊತೆಗಿರುತ್ತೇನೆ. ನನಗೂ ಭಯವಿದೆ ಮಗಳೇ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಒಂದೊಂದು ಸಲ ಗಾಡಿಯಲ್ಲಿ ಕಾಲು ತಣ್ಣಗಾಗಿದ್ದು ನೆನಪಾಗಿ ರಾತ್ರಿ ಎದ್ದು ಕೂರುತ್ತೇನೆ. ಆದರೆ ಈ ಸಲ ಆ ಭಯವನ್ನು ನಾನೇ ಆರಿಸಿಕೊಂಡಿದ್ದೇನೆ, ಆದ್ದರಿಂದ ಹೊರಲು ಆಗುತ್ತಿದೆ. ನನ್ನ ಮೇಲೆ ನಿನಗೆ ಸಿಟ್ಟಿರಲಿ, ಎಷ್ಟು ದಿನ ಬೇಕಾದರೂ ಇರಲಿ. ನಿನ್ನ ಸಂಕಟಕ್ಕೆ ನನ್ನ ಹೊಟ್ಟೆ ಕಣ್ಣಿಗೆ ಕುಕ್ಕುತ್ತದೆ ಎಂದು ನನಗೆ ಗೊತ್ತು. ಆದರೆ ನಿನ್ನ ಕೂಸನ್ನು ನನ್ನ ಕೂಸು ತಿಂದಿತು ಅನ್ನುವ ಮಾತನ್ನು ಮಾತ್ರ ಇನ್ನೊಮ್ಮೆ ಬಾಯಿಗೆ ತರಬೇಡ, ಮನಸ್ಸಿನಲ್ಲೂ ಇಟ್ಟುಕೊಳ್ಳಬೇಡ. ನಮ್ಮಿಬ್ಬರನ್ನು ಬೇರೆ ಮಾಡಲು ಯಾರೋ ಕಟ್ಟಿದ ಮಾತು ಅದು.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮತ್ತೆಗೂ ನಮಸ್ಕಾರ ತಿಳಿಸು, ಅವರ ಮೇಲೆ ನನಗೆ ಹಗೆಯಿಲ್ಲ. ಅಜ್ಜಿ ನಿನಗೆ ನೆಟಿಕೆ ಮುರಿದಿದ್ದಾರೆ. ನೂರು ವರ್ಷ ಚೆನ್ನಾಗಿರು ಮಗಳೇ, ಹೊಟ್ಟೆ ತುಂಬ ಉಂಡು ಚೆನ್ನಾಗಿರು.

ನಿನ್ನ ಅಮ್ಮ,
ಮುನಿಲಕ್ಷ್ಮಿ

ಮರೆತೆ, ಮುಖ್ಯವಾದದ್ದೇ ಬರೆದಿಲ್ಲ. ನಿಮ್ಮಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅವರು ಬರುತ್ತಿರುವುದು ಕಾಗದ ಕೊಡುವುದಕ್ಕಷ್ಟೇ ಅಲ್ಲ, ನಿನ್ನನ್ನು ಕರೆದುಕೊಂಡು ಬರಲು. ನಿನ್ನೆ ಅಳಿಯಂದಿರಿಗೆ ಫೋನು ಮಾಡಿದ್ದೆ. “ಕಳಿಸ್ತೀನಿ ಅತ್ತೆ, ಹಸು ನಾನು ನೋಡ್ಕೊತೀನಿ, ಅಮ್ಮಂಗೂ ನಾನೇ ಹೇಳ್ತೀನಿ” ಎಂದಿದ್ದಾರೆ. ಹಿಂದಿನ ಕೋಣೆಯಿಂದ ರೇಷ್ಮೆ ತಟ್ಟೆಗಳನ್ನೆಲ್ಲ ತೆಗೆದು ಸುಣ್ಣ ಬಳಿಸಿ ಮಂಚ ಹಾಕಿಸಿದ್ದೇನೆ. ಅಜ್ಜಿ ನಿನಗೆಂದು ಬೆಳ್ಳುಳ್ಳಿ ಸುಲಿದಿಟ್ಟು, ಶುಂಠಿ ಮೆಣಸು ಕುಟ್ಟಿ, ತುಪ್ಪ ಕಾಯಿಸಿಟ್ಟಿದ್ದಾರೆ. ಎಣ್ಣೆ ಹಚ್ಚಿ ನೀರು ಹಾಕುವುದು, ಸಾಂಬ್ರಾಣಿ ಹೊಗೆ, ಸೊಂಟಕ್ಕೆ ಬಟ್ಟೆ ಕಟ್ಟುವುದು, ಎಲ್ಲ ನಿನಗೇ. ನನ್ನದು ಇನ್ನೂ ಸಂಕ್ರಾಂತಿಗೆ. ಯಾರಾದರೂ ಬಾಗಿಲಿಗೆ ಅಡ್ಡ ಬಂದರೆ, ಅಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗುತ್ತೇನೆ ಎಂದು ಸುಳ್ಳು ನೆಪ ಹೇಳಬೇಡ. ತಲೆ ಎತ್ತಿ, “ನಂಗೆ ಬಾಣಂತನ ಇದೆ, ನಮ್ಮಮ್ಮನ ಮನೆಗೆ ಹೋಗ್ತಿದೀನಿ” ಎಂದು ಹೇಳಿ ಚೀಲ ಎತ್ತಿಕೊ.